ಫಿಶ್ ಟ್ಯಾಂಕಿನ ಗೊಳಗೊಳ ನಿಂತ ಭಾನುವಾರ

ನಮ್ಮ ಅತ್ತೆಯ ಕಿವಿ ಮಷೀನು ಸಿಕ್ಕಿದ್ದು ಅಕ್ಕಿ ಡಬ್ಬಿಯಲ್ಲಿ.

ಕುಕ್ಕರಿಗೆ ಅಕ್ಕಿ ಹಾಕಲು ಡಬ್ಬಿಯೊಳಗೆ ಕೈಬಿಟ್ಟೆ. ಬೆರಳಿಗೆ ಏನೋ ನುಣ್ಣಗೆ ತಾಕಿತು. ಹುಳವೋ ಹಲ್ಲಿಯೋ ಅಂತ ಚೀರಿದೆ. (ಚೀರಿದ್ದು ಪಕ್ಕದ ಹಾಲ್‌ನಲ್ಲಿದ್ದ ಅತ್ತೆಗೆ ಕೇಳಲಿಲ್ಲ. ಹೇಗೆ ಕೇಳಬೇಕು? ಕೇಳುವ ಸಾಮಾನು ನನ್ನ ಕೈಯಲ್ಲಿತ್ತಲ್ಲ!) ತೆಗೆದು ನೋಡಿದರೆ ಪುಟ್ಟ ಪ್ಲಾಸ್ಟಿಕ್ ಚೀಲ, ಅದಕ್ಕೊಂದು ರಬ್ಬರ್ ಬ್ಯಾಂಡ್, ಒಳಗೆ ಮೂರು ವಾರದ ಹಿಂದಷ್ಟೇ ಮಾಡಿಸಿಕೊಟ್ಟ ಹೊಚ್ಚ ಹೊಸ ಮಷೀನು.

ಒಯ್ದು ಅವರ ಮುಂದೆ ಹಿಡಿದೆ. "ಇದೇನ್ರೀ ಅತ್ತೀ?"

ಅವರು ಒಂದು ಕ್ಷಣ ನನ್ನ ತುಟಿ ನೋಡಿದರು, ಇನ್ನೊಂದು ಕ್ಷಣ ಕೈ ನೋಡಿದರು. "ಮಳಿಗಾಲ ಅಲ್ಲೇನವಾ? ತಂಪಿಗೆ ಕೆಡಬಾರದಂತ ಅಕ್ಕಿಯೊಳಗ ಇಟ್ಟೆ. ನಿನ್ನ ಮೊಬೈಲ್ ನೀರಾಗ ಬಿದ್ದಾಗ ನೀನೂ ಹಂಗ ಮಾಡಿದ್ದೆಲ್ಲಾ."

ಅಷ್ಟು ಚಂದದ ಉತ್ತರಕ್ಕೆ ನಾನು ನಗಬೇಕಿತ್ತು. ನಗಲಿಲ್ಲ. ಸಿಟ್ಟು ಬಂತು.

ಅತ್ತೆಗೆ ಈಗ ಎಪ್ಪತ್ತೊಂಬತ್ತು. ಹುಬ್ಬಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು. ಟ್ರಂಕ್ ಕಾಲ್ ಕಾಲದವರು. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಮುಂದಿನ ಬೋರ್ಡಿನ ತೂತುಗಳಿಗೆ ವೈರು ಚುಚ್ಚುತ್ತ, ಮುಂಬೈಯವರನ್ನು ಗದಗಿನವರ ಜೊತೆ, ಬೆಳಗಾವಿಯವರನ್ನು ಬಳ್ಳಾರಿಯವರ ಜೊತೆ ಮಾತಿಗೆ ಕೂಡಿಸಿದವರು. ದನಿ ಕೇಳಿಯೇ "ಇವರು ಅಡತಿ ಅಂಗಡಿ ಸಾವಕಾರ್ರು, ಇವತ್ತ ನೆಗಡಿ ಆಗೇದ" ಅನ್ನುತ್ತಿದ್ದರಂತೆ. ಅಂಥ ಕಿವಿ ಹತ್ತು ವರ್ಷದಿಂದ ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಬಂದಿತ್ತು. ಮೊದಲು ಫೋನ್ ಬಿಟ್ಟರು. ಆಮೇಲೆ ಮದುವೆ ಮುಂಜಿವೆಗೆ ಹೋಗುವುದು ಬಿಟ್ಟರು. ಕೊನೆಗೆ ನಮ್ಮ ಮಾತಿನ ನಡುವೆ "ಏನಂದಿ?" ಅಂತ ಕೇಳುವುದನ್ನೂ ಬಿಟ್ಟರು. ನಾವು ನಕ್ಕಾಗ ನಗುವುದು, ನಾವು ಸುಮ್ಮನಾದಾಗ ಸುಮ್ಮನಾಗುವುದು. ಅಷ್ಟೇ.

ಕಾಡಿ ಬೇಡಿ ಮಷೀನು ಮಾಡಿಸಿದ್ದು ನಾನೇ. ಹಾಗಾಗಿ ಅದು ಅಕ್ಕಿಯಲ್ಲಿ ಸಿಕ್ಕಿದ್ದಕ್ಕೆ ಸಿಟ್ಟು ಬಂದದ್ದೂ ನನಗೇ ಜಾಸ್ತಿ. "ಹಾಕ್ಕೊಂಡ್ರ ರೂಢಿ ಆಗತದ, ಹಾಕ್ಕೊಳ್ಳದ ಹೆಂಗ ಆಗಬೇಕ್ರೀ?" ಅಂತ ದೊಡ್ಡ ದನಿಯಲ್ಲೇ ಅಂದೆ. ಅವರು ಮಷೀನು ಇಸಿದುಕೊಂಡು ಕಿವಿಗೆ ಹಾಕಿಕೊಂಡರು. ಹತ್ತು ನಿಮಿಷಕ್ಕೆ ಮುಖ ಹಿಂಡಿಕೊಂಡಿತು. ಅರ್ಧ ಗಂಟೆಗೆ ಮಷೀನು ಸೆರಗಿನ ಗಂಟಿಗೆ ಹೋಯಿತು.

ಹಟ ಅಂದುಕೊಂಡೆ. ವಯಸ್ಸಾದವರ ಹಟ. ನೀವಾದರೂ ಇನ್ನೇನು ಅಂದುಕೊಳ್ಳುತ್ತಿದ್ದಿರಿ?

ಇಲ್ಲಿ ನನ್ನ ಮೀನುಗಳ ವಿಷಯ ಹೇಳಬೇಕು. ಹಿಂದಿನ ವರ್ಷ ನನಗೆ ಬೆನ್ನಿನ ಆಪರೇಷನ್ ಆಯಿತು. ಮೂರು ತಿಂಗಳು ಹಾಲ್‌ನಲ್ಲಿ ಮಂಚ ಹಾಕಿಸಿಕೊಂಡು ಮಲಗಿದ್ದೆ. ಆಗ ನಮ್ಮ ಯಜಮಾನರ ಗೆಳೆಯರೊಬ್ಬರು ತಮ್ಮ ಕ್ಲಿನಿಕ್ ಬೇರೆಡೆಗೆ ಸಾಗಿಸುತ್ತಿದ್ದರು. ಅಲ್ಲಿ ಪೇಷಂಟುಗಳು ಕೂರುವ ಜಾಗದಲ್ಲಿದ್ದ ನಾಲ್ಕು ಅಡಿಯ ಫಿಶ್ ಟ್ಯಾಂಕು ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಗೆ ಬಂತು, ನಾನು ಮಲಗಿದಲ್ಲಿಂದ ನೋಡಲಿ ಅಂತ. ಜೊತೆಗೆ ಐದು ಗೋಲ್ಡ್ ಫಿಶ್.

ಈ ಟ್ಯಾಂಕು ಸಾದಾ ಟ್ಯಾಂಕಲ್ಲ. ಮೇಲೆ ಒಂದು ಮೂಲೆಯಲ್ಲಿ ಗಾಜಿನ ಸಣ್ಣ ಗೂಡು. ಹೆಚ್ಚಾದ ನೀರು ಅಂಚು ದಾಟಿ ಆ ಗೂಡಿಗೆ ಬೀಳಬೇಕು, ಅಲ್ಲಿಂದ ಪೈಪಿನೊಳಗೆ ಇಳಿದು ಕೆಳಗೆ ಕಪಾಟಿನಲ್ಲಿರುವ ಇನ್ನೊಂದು ಗಾಜಿನ ತೊಟ್ಟಿಗೆ ಬರಬೇಕು, ಅಲ್ಲಿ ಸೋಸಿ ಮೋಟರು ಮತ್ತೆ ಮೇಲೆ ತಳ್ಳಬೇಕು. ಇಡೀ ದಿನ ಇದೇ ಸುತ್ತು. ನೀರು ಸ್ವಚ್ಛ, ಮೀನು ಖುಷ್. ಸಪ್ಪಳ ಮಾತ್ರ ಕೇಳಬೇಡಿ. ಗೊಳಗೊಳ, ಗೊಳಕ್, ಸುರ್ರ್, ಮತ್ತೆ ಗೊಳಗೊಳ. ಬಂದವರು "ಬಚ್ಚಲ ಮನ್ಯಾಗ ನಳ ಬಿಟ್ಟು ಬಂದೀರೇನ್ರಿ?" ಅನ್ನುತ್ತಿದ್ದರು. ನಮಗೆ? ನಮಗೆ ರೂಢಿಯಾಗಿತ್ತು. ಒಂದು ತಿಂಗಳಾದ ಮೇಲೆ ನಮಗೆ ಅದು ಕೇಳಿಸುತ್ತಲೇ ಇರಲಿಲ್ಲ.

ಇನ್ನು, ಮಷೀನು ಅಕ್ಕಿಯಲ್ಲಿ ಸಿಕ್ಕ ಆ ದಿನದ ಮಧ್ಯಾಹ್ನಕ್ಕೆ ಬರುತ್ತೇನೆ. ಅತ್ತೆ ನನ್ನ ಒತ್ತಾಯಕ್ಕೆ ಮತ್ತೆ ಮಷೀನು ಹಾಕಿಕೊಂಡು ಹಾಲ್‌ನಲ್ಲಿ ಕೂತಿದ್ದರು. ನಾನು ಅವರಿಗೆ ಬೆನ್ನು ಮಾಡಿ ಕೊತ್ತಂಬರಿ ಸೋಸುತ್ತಿದ್ದೆ. ಕರೆಂಟ್ ಹೋಯಿತು. ಇನ್ವರ್ಟರ್ ಮೇಲೆ ಫ್ಯಾನು ತಿರುಗುತ್ತಿತ್ತು, ಟ್ಯಾಂಕಿನ ಮೋಟರು ಮಾತ್ರ ನಿಂತಿತು. ಸಂಜೆಗೆ ಚುರುಮುರಿ ಕಲಸಿ ಗಿರಮಿಟ್ ಮಾಡಿದರಾಯಿತು ಅಂತ ನನ್ನಷ್ಟಕ್ಕೆ ನಾನೇ ಗೊಣಗಿದೆ.

"ಮಾಡು. ಉಳ್ಳಾಗಡ್ಡಿ ಸಣ್ಣಾಗಿ ಹೆಚ್ಚು."

ಕೈಯಲ್ಲಿದ್ದ ಕೊತ್ತಂಬರಿ ಕೈಯಲ್ಲೇ ಉಳಿಯಿತು. ತಿರುಗಿ ನೋಡಿದೆ. ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದರು. ನನ್ನ ತುಟಿ ನೋಡಿ ಅಂದದ್ದಲ್ಲ ಅದು!

"ಕೇಳಸ್ತೇನ್ರೀ ಅತ್ತೀ?"

"ಕೇಳಸ್ತಲ್ಲ. ನೀ ಯಾಕ ಇಷ್ಟ ಸಣ್ಣ ದನಿಲೆ ಮಾತಾಡ್ತಿ? ಬೆನ್ನ ನೋಯ್ಲಿಕ್ಕತ್ತದೇನು?"

ಇಪ್ಪತ್ತು ನಿಮಿಷ ಮಾತಾಡಿದೆವು. ಕೂಗದೆ, ಕೈಸನ್ನೆ ಇಲ್ಲದೆ, ಮಾಮೂಲಿ ದನಿಯಲ್ಲಿ. ಏನು ಮಾತಾಡಿದೆವು ಅಂತ ಕೇಳಿದರೆ ಹೇಳುವಂಥದ್ದೇನಿಲ್ಲ. ಗಿರಮಿಟ್ಟಿನಿಂದ ಶುರುವಾಗಿ ಅವರ ಎಕ್ಸ್‌ಚೇಂಜಿನ ಕ್ಯಾಂಟೀನಿಗೆ ಹೋಗಿ, ಅಲ್ಲಿಂದ ನನ್ನ ತೌರುಮನೆಗೆ ಬಂದೆವು. ಹೀಗೆ ಮಾತಾಡಿ ಎಷ್ಟು ವರ್ಷವಾಗಿತ್ತು ಅಂತ ನನಗೆ ನೆನಪಾಗಲಿಲ್ಲ.

ಕರೆಂಟ್ ಬಂತು. ಮೋಟರು ಗುರ್ ಅಂತು. ಗೊಳಕ್, ಗೊಳಗೊಳ. ನಾನು ನೋಡುತ್ತಿದ್ದ ಹಾಗೇ ಅತ್ತೆಯ ಭುಜ ಮೇಲೇರಿತು, ಕಣ್ಣು ಮುಚ್ಚಿತು, ಕೈ ಕಿವಿಗೆ ಹೋಯಿತು.

"ಇದರ ಸಪ್ಪಳಾನ ಏನ್ರೀ? ಇದಕ್ಕನ ಮಷೀನ ತಗೀತೀರೇನು?"

"ಇಲ್ಲವಾ, ಅದೇನ ಮಾಡೇದ ಪಾಪ" ಅಂದರು.

ಅವರ ಕೈಯಿಂದ ಮಷೀನು ಇಸಿದುಕೊಂಡು ನನ್ನ ಕಿವಿಗೆ ಹಿಡಿದೆ. ಅಯ್ಯಯ್ಯೋ! ಮೋರಿಯೊಂದು ನನ್ನ ತಲೆಯೊಳಗೇ ಹರಿಯುತ್ತಿದೆ! ಆ ಸದ್ದಿನ ಕೆಳಗೆ ಅತ್ತೆ ಏನೋ ಹೇಳುತ್ತಿದ್ದರು. ಒಂದು ಅಕ್ಷರವೂ ತಿಳಿಯಲಿಲ್ಲ. ಇದನ್ನು ಮೂರು ವಾರ, ದಿನಾ ಅರ್ಧರ್ಧ ಗಂಟೆ, ನನ್ನ ಮಾತಿಗೆ ಹೆದರಿ ಆ ಹೆಂಗಸು ತಡೆದುಕೊಂಡಿದ್ದರು. ಮೇಲೆ ನನ್ನ ಭಾಷಣ ಬೇರೆ: ರೂಢಿ ಆಗತದ!

ಆ ಕ್ಷಣವೇ ಹೇಳಿದೆ, ಟ್ಯಾಂಕನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂತ. ಅತ್ತೆ ಮಷೀನಿಲ್ಲದೆ, ನನ್ನ ತುಟಿ ನೋಡಿಯೇ ಅದನ್ನು ಕೇಳಿಸಿಕೊಂಡರು.

"ಮೀನ ಹೊರಗ ಹೋದ್ರ ಈ ಮಷೀನೂ ಹೊರಗ ಹೋಗತದ. ನೋಡ್ಕೋ."

"ಯಾಕ್ರೀ ಅತ್ತೀ ಹಿಂಗ?"

ಅವರು ಸೆರಗಿನ ಅಂಚು ಮಡಚತೊಡಗಿದರು. "ನೀ ಮಲಗಿದಾಗ ಗ್ವಾಡಿ ಕಡೆ ಮುಖಾ ಮಾಡಿ ಮಲಗ್ತಿದ್ದಿ. ಯಾರ ಬಂದ್ರೂ ಹೊರಳತಿದ್ದಿಲ್ಲ. ಊಟಾ ತಂದ್ರೂ ಹೊರಳತಿದ್ದಿಲ್ಲ. ಈ ಮೀನ ಬಂದ ಮರುದಿನ ಹೊರಳಿದಿ. ಆಮ್ಯಾಲೆ ಎದ್ದು ಕುಂತಿ. ನಾ ಬಾಜೂ ಕುರ್ಚಿಮ್ಯಾಲ ಇದ್ದೆ, ನೋಡೇನಿ. ಕಿವಿ ಹೋದ್ರೂ ಕಣ್ಣ ಇದ್ದುವಲ್ಲ ನಂಗ."

ನಾನು ಅಡುಗೆಮನೆಗೆ ಎದ್ದು ಹೋದೆ. ಉಳ್ಳಾಗಡ್ಡಿ ಹೆಚ್ಚುವುದಿತ್ತು. (ಹೆಚ್ಚುವ ಮೊದಲೇ ಕಣ್ಣು ಉರಿಯಿತು ಅನ್ನುವುದು ಬೇರೆ ಮಾತು.)

ಅಲ್ಲಿಗೆ ಒಂದು ಖಾತ್ರಿಯಾಯಿತು. ಟ್ಯಾಂಕೂ ಇರಬೇಕು, ಅತ್ತೆಗೆ ನಮ್ಮ ಮಾತೂ ಕೇಳಬೇಕು. ಹೋಗಬೇಕಾದದ್ದು ಸಪ್ಪಳ ಒಂದೇ.

ಅಕ್ವೇರಿಯಂ ಅಂಗಡಿಯವರಿಗೆ ಫೋನ್ ಮಾಡಿದೆ. "ನೀರಂದಮ್ಯಾಲೆ ಸಪ್ಪಳ ಇರೂದ ರೀ ಮೇಡಂ, ಜನ ಅದಕ್ಕಂತನ ಇಡ್ತಾರ" ಅಂದರು. ನಮ್ಮ ಅಪಾರ್ಟ್‌ಮೆಂಟಿನ ಪ್ಲಂಬರ್ ಬಂದು ಕಪಾಟಿನ ಬಾಗಿಲಿಗೆ ಥರ್ಮೋಕೋಲ್ ಬಡಿದು ಹೋದರು. ಗೊಳಗೊಳಕ್ಕೆ ಅದರಿಂದ ಏನೂ ಆಗಲಿಲ್ಲ. ಆಮೇಲೆ ನಾನೇ ಯೂಟ್ಯೂಬ್ ನೋಡಿ ಇಂಜಿನಿಯರ್ ಆದೆ. ಪೈಪಿನ ಬಾಯಿಗೆ ಸ್ಪಂಜು ತುರುಕಿದೆ. ಆಹಾ, ಎಂಥ ಶಾಂತಿ! ಬೀಗಿಕೊಂಡು ಚಹಾ ಇಡಲು ಹೋದೆ. ಐದು ನಿಮಿಷಕ್ಕೆ ಹಾಲ್‌ನಿಂದ ಅತ್ತೆಯ ಕೂಗು: "ಲಗೂ ಬಾ, ನೀರು ಜಮಖಾನಿಗೆ ಬಂತು!" ಇಳಿಯುವ ದಾರಿ ಮುಚ್ಚಿದರೆ ನೀರು ಎಲ್ಲಿ ಹೋಗಬೇಕು? ಟ್ಯಾಂಕಿನ ಅಂಚು ದಾಟಿ ನೆಲಕ್ಕೆ ಬಂದಿತ್ತು. ಬಗ್ಗಲು ಬಾರದ ಬೆನ್ನು ಇಟ್ಟುಕೊಂಡು ನಾನು ನಿಂತೆ. ಎಪ್ಪತ್ತೊಂಬತ್ತರ ಅತ್ತೆ ಬಗ್ಗಿ ನೆಲ ಒರೆಸಿದರು. ಆ ದೃಶ್ಯ ಯಜಮಾನರು ನೋಡಲಿಲ್ಲ ಅನ್ನುವುದೇ ಸಮಾಧಾನ.

ಕೊನೆಗೆ ಯಜಮಾನರ ಆಫೀಸಿನ ಸಹೋದ್ಯೋಗಿಯೊಬ್ಬರು ಒಂದು ಹೆಸರು ಕೊಟ್ಟರು. ಈರಪ್ಪ ಕಾಕಾ. ಧಾರವಾಡದ ಹತ್ತಿರದ ಮುಗದ ಊರಿನವರು. ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪೈಪ್‌ಲೈನ್ ಫಿಟ್ಟರ್ ಆಗಿದ್ದು ರಿಟೈರ್ ಆದವರು. "ನೀರು, ಗಾಳಿ, ಎಣ್ಣಿ, ಪೈಪಿನ್ಯಾಗ ಏನ ಹರದ್ರೂ ಅವರಿಗೆ ತಿಳೀತದ" ಅಂದರು. ಮೀನಿನ ಟ್ಯಾಂಕು ಅಂದರೆ ಬರುತ್ತಾರೋ ಇಲ್ಲವೋ ಅಂತ ಹಿಂಜರಿಯುತ್ತಲೇ ಹೇಳಿಕಳಿಸಿದೆವು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದರು. ಮುಗದದಿಂದ ಧಾರವಾಡಕ್ಕೆ ಒಂದು ಬಸ್ಸು, ಅಲ್ಲಿಂದ ವಿದ್ಯಾನಗರಕ್ಕೆ ಇನ್ನೊಂದು. ಬಿಳಿ ಟೋಪಿ, ಹೆಗಲಿಗೆ ಕ್ಯಾನ್ವಾಸ್ ಚೀಲ. ಬಂದವರೇ ಮೊದಲು ಹೇಳಿದ ಮಾತು: "ಅಕ್ಕಾರ, ಮಾತಾಡೂದಿದ್ರ ನನ್ನ ಬಲಗಡೆ ಬರ್ರಿ. ಎಡಗಿವಿ ಪೂರಾ ಬಂದ್ ಐತಿ, ಬಲಗಿವಿ ಅರ್ಧಾ."

ಸಪ್ಪಳ ನಿಲ್ಲಿಸಲು ಕರೆಸಿದವರಿಗೇ ಸಪ್ಪಳ ಕೇಳುವುದಿಲ್ಲ! ಯಜಮಾನರು ನನ್ನ ಮುಖ ನೋಡಿದರು. ನಾನು ಮೀನಿನ ಮುಖ ನೋಡಿದೆ.

ಕಾಕಾ ಕಪಾಟಿನ ಬಾಗಿಲು ತೆರೆದು ನೆಲದ ಮೇಲೆ ಕೂತರು. ಇಳಿಯುವ ಪೈಪನ್ನು ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ವೈದ್ಯರು ನಾಡಿ ನೋಡುವ ಹಾಗೆ ನೋಡಿದರು. ಆಮೇಲೆ ಒಂದು ನೀರಿನ ಬಾಟಲಿ ಕೇಳಿ ಇಸಿದುಕೊಂಡು ಬಕೆಟ್ಟಿನ ಮೇಲೆ ಬೋರಲು ಹಿಡಿದರು. ಗೊಳಕ್, ಗೊಳಕ್, ಗೊಳಕ್.

"ನೋಡ್ರಿ. ನೀರಿಗೆ ಕೆಳಗ ಬರಬೇಕು, ಗಾಳಿಗೆ ಮ್ಯಾಲ ಹೋಗಬೇಕು. ಇಬ್ಬರಿಗೂ ಒಂದ ಬಾಗಿಲಾ. ಜಗಳಾ ಆಗದ ಇನ್ನೇನ ಆಗತೈತಿ? ನಿಮ್ಮ ಪೈಪಿನ್ಯಾಗೂ ಅದ ಜಗಳಾ ನಡದೈತ್ರಿ."

ಹತ್ತು ತಿಂಗಳು ಕೇಳಿದ ಸದ್ದಿಗೆ ಹತ್ತು ಸೆಕೆಂಡಿನಲ್ಲಿ ಅರ್ಥ ಹೇಳಿದರು. ಪೈಪಿನ ತುಂಬ ನೀರೇ ಇಳಿಯುವಂತೆ ಮಾಡಿದರೆ ಗಾಳಿಗೆ ಜಾಗ ಇಲ್ಲ, ಜಗಳ ಇಲ್ಲ, ಸಪ್ಪಳ ಇಲ್ಲ. ಅದಕ್ಕೆ ಪೈಪಿಗೊಂದು ವಾಲ್ವ್ ಕೂಡಿಸಿ ಅಷ್ಟಷ್ಟೇ ಬಿಗಿ ಮಾಡಬೇಕು.

"ಅಷ್ಟ ಮಾಡ್ರಿ ಹಂಗಾರ" ಅಂದರು ಯಜಮಾನರು.

ಕಾಕಾ ತಲೆ ಅಲ್ಲಾಡಿಸಿದರು. "ಅಷ್ಟ ಮಾಡಿದ್ರ ಒಂದಿನ ಒಂದು ಎಲಿ ಸಿಕ್ಕು ಪೈಪ್ ಕಟ್ಟಿದ್ರ, ನೀರು ಎಲ್ಲೆ ಹೋಗಬೇಕ್ರಿ?" (ನಾನೂ ಅತ್ತೆಯೂ ಜಮಖಾನೆಯ ಕಡೆ ನೋಡಲಿಲ್ಲ.) "ಒಂದು ದಾರಿ ಬಿಗಿ ಮಾಡೂ ಮೊದಲ ಇನ್ನೊಂದು ದಾರಿ ತೆರದ ಇಡಬೇಕು. ಕಾರ್ಖಾನ್ಯಾಗ ನಮಗ ಮೊದಲ ಕಲಿಸಿದ್ದ ಅದು."

ಮೂಲೆಯ ಗೂಡಿನಲ್ಲಿ ಎರಡು ತೂತುಗಳಿದ್ದವು. ಒಂದರಲ್ಲಿ ನೀರು ಇಳಿಯುತ್ತಿತ್ತು. ಇನ್ನೊಂದರಲ್ಲಿ ಮೋಟರಿನ ನೀರು ಮೇಲೆ ಬರುತ್ತಿತ್ತು. ಕಾಕಾ ಮೋಟರಿನ ಪೈಪನ್ನು ಟ್ಯಾಂಕಿನ ಹಿಂಬದಿಯಿಂದ ಮೇಲೆ ತಂದು ಒಳಕ್ಕೆ ಬಗ್ಗಿಸಿದರು. ಖಾಲಿಯಾದ ಎರಡನೇ ತೂತಿಗೆ ಸ್ವಲ್ಪ ಎತ್ತರದ ಪೈಪು ಕೂಡಿಸಿದರು. ಮೊದಲ ದಾರಿ ಕಟ್ಟಿದರೆ ಮಾತ್ರ ನೀರು ಅಷ್ಟೆತ್ತರ ಏರಿ ಇದರಲ್ಲಿ ಇಳಿಯುತ್ತದೆ. ಇಷ್ಟು ಮಾಡಿ ವಾಲ್ವ್ ಅಂಟಿಸುವಷ್ಟರಲ್ಲಿ ಊಟದ ಹೊತ್ತಾಯಿತು. ಅಂಟು ಒಣಗುವವರೆಗೆ ರೊಟ್ಟಿ, ಬದನೆಕಾಯಿ ಪಲ್ಯ.

ಊಟಕ್ಕೆ ಕೂತ ಇಬ್ಬರು ಕಿವುಡರ ಮಾತು ಇಡೀ ಅಪಾರ್ಟ್‌ಮೆಂಟಿಗೆ ಕೇಳಿರಬೇಕು.

"ನಿಮ್ಮ ಕಿವಿಗೆ ಏನಾತ್ರಿ?" ಅಂತ ಅತ್ತೆ.

"ಕಂಪ್ರೆಸರ್ ಬಾಜೂಕ ಮೂವತ್ತು ವರ್ಷ ನಿಂತೇನ್ರಿ ಅವ್ವಾರ. ಅದು ಇನ್ನೂ ನಡದೈತಿ, ನನ್ನ ಕಿವಿ ನಿಂತಾವು."

"ಮಷೀನ ಮಾಡಸ್ಕೋರಿ."

"ಮಗಳು ಮಾಡಿಸ್ಯಾಳ್ರಿ. ಟ್ರಂಕಿನ್ಯಾಗ ಐತಿ."

ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಟ್ರಂಕಿನ್ಯಾಗ ಇಟ್ರ ರೂಢಿ ಹೆಂಗ ಆಗತದ್ರಿ? ಹಾಕ್ಕೋಬೇಕು" ಅಂತ ಗದರಿದರು. ನಾನು ಪಲ್ಯ ಬಡಿಸುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ.

ಊಟವಾದ ಮೇಲೆ ಕಾಕಾ ಕೈ ಒರೆಸಿಕೊಂಡು ಮತ್ತೆ ಕಪಾಟಿನ ಮುಂದೆ ಕೂತರು. ಮೋಟರು ಹಚ್ಚಿದರು. ನೀರು ಇಳಿಯತೊಡಗಿತು.

"ಅವ್ವಾರ, ಇಲ್ಲೆ ಬಂದು ಕುಂದರ್ರಿ. ಮಷೀನ ಹಾಕ್ಕೋರಿ. ಗಾಳಿ ಹೋತೋ ಇಲ್ಲೋ ಅಂತ ನನ್ನ ಕೈಗೆ ತಿಳೀತೈತಿ. ಆದ್ರ ಸಪ್ಪಳಾ ಹೋತೋ ಇಲ್ಲೋ ಅಂತ ನೀವ ಹೇಳಬೇಕು. ಈ ಮನ್ಯಾಗ ಅದು ಪೂರಾ ಕೇಳೂದು ನಿಮಗೊಬ್ಬರಿಗೇ."

ಸತ್ಯ ತಾನೆ? ನಮಗೆ ರೂಢಿಯಾಗಿತ್ತು. ಕಾಕಾನಿಗೆ ಕಿವಿಯಿಲ್ಲ. ಉಳಿದವರು ಅತ್ತೆ. ಅವರು ಕುರ್ಚಿ ಎಳೆದುಕೊಂಡು, ಮಷೀನು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು. ಅವರು ಹಾಗೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ಡ್ಯೂಟಿಗೆ ಕೂತ ಹಾಗಿತ್ತು.

ಕಾಕಾ ವಾಲ್ವನ್ನು ಒಂಚೂರು ತಿರುವಿದರು. "ಹೆಂಗ್ರಿ?"

"ಗರಗರ ಅದ."

ಇನ್ನೊಂಚೂರು. "ಈಗ?"

"ಕಮ್ಮಿ ಆತು. ಆದ್ರ ದೂರದಾಗ ಯಾರೋ ಗಂಟಲಾ ಸರಿ ಮಾಡ್ಕೊಳ್ಳಿಕ್ಕತ್ತಾರ."

ಇನ್ನೊಂದು ಕೂದಲೆಳೆ. "ಈಗ?"

"ಹೆಚ್ಚಾತು. ಹಿಂದಿಂದ ಛಲೋ ಇತ್ತು."

ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಪ್ರತಿ ಸಲ ನೀರು ತನ್ನ ಮಟ್ಟ ಹಿಡಿಯುವವರೆಗೆ ಕಾಯಬೇಕು. ಇಬ್ಬರಿಗೂ ಬೇಸರವಿಲ್ಲ. ಅರ್ಧ ಗಂಟೆಯಾದ ಮೇಲೆ ಅತ್ತೆ ಕೈ ಎತ್ತಿ ತಡೆದರು. ಕಣ್ಣು ಮುಚ್ಚಿದರು. ಆಮೇಲೆ, ನಾನು ಈ ಮನೆಗೆ ಬಂದು ಇಪ್ಪತ್ತಾರು ವರ್ಷದಲ್ಲಿ ಎಂದೂ ಕೇಳದ, ಚುರುಕಾದ, ಸ್ಪಷ್ಟವಾದ ಒಂದು ದನಿಯಲ್ಲಿ ಅಂದರು:

"ಲೈನ್ ಕ್ಲಿಯರ್!"

ಯಜಮಾನರು ಚಪ್ಪಾಳೆ ತಟ್ಟಿದರು. ಅತ್ತೆ ಅವರನ್ನು ಸುಮ್ಮನಿರಿಸಿದರು. ಕೆಲಸ ಇನ್ನೂ ಮುಗಿದಿರಲಿಲ್ಲವಂತೆ. "ಕೆಳಗ ಟಪ್ ಟಪ್ ಅಂತದ." ಇಳಿಯುವ ಪೈಪಿನ ತುದಿ ಕೆಳಗಿನ ತೊಟ್ಟಿಯ ನೀರಿಗಿಂತ ಮೇಲಿತ್ತು. ಕಾಕಾ ಒಂದು ತುಂಡು ಕೂಡಿಸಿ ತುದಿಯನ್ನು ಎರಡು ಬೆರಳಷ್ಟು ನೀರಿನಲ್ಲಿ ಮುಳುಗಿಸಿದರು. ಅದೂ ನಿಂತಿತು.

"ಇನ್ನೊಂದದ" ಅಂದರು ಅತ್ತೆ. "ಟಿಕ್ ಟಿಕ್ ಅಂತದ. ಇದು ನೀರಲ್ಲ."

ಎಲ್ಲರೂ ಕಿವಿಗೊಟ್ಟೆವು. ಮೋಟರು ನೋಡಿದೆವು, ಸ್ವಿಚ್ ನೋಡಿದೆವು. ಕೊನೆಗೆ ನನಗೆ ಹೊಳೆಯಿತು.

"ಗಡಿಯಾರ ರೀ ಅತ್ತೀ. ಗ್ವಾಡಿ ಗಡಿಯಾರ."

ಅವರು ತಲೆಯೆತ್ತಿ ಅದನ್ನು ನೋಡಿದರು. ಬಹಳ ಹೊತ್ತು ನೋಡಿದರು. "ಇನ್ನೂ ಸಪ್ಪಳ ಮಾಡ್ತದೇನು ಅದು?" ಅಂದರು.

ಕಾಕಾ ಹೊರಡುವ ಮೊದಲು ಇನ್ನೊಂದು ಪರೀಕ್ಷೆ ಮಾಡಿದರು. ವಾಲ್ವನ್ನು ಪೂರ್ತಿ ಮುಚ್ಚಿಬಿಟ್ಟರು. ನಾನು "ಬ್ಯಾಡ್ರೀ ಕಾಕಾ!" ಅಂತ ಕೂಗಿದೆ. ನೀರು ಗೂಡಿನಲ್ಲಿ ಏರಿತು, ಎರಡನೇ ಪೈಪಿನ ಬಾಯಿ ಮುಟ್ಟಿತು, ಗೊಳಗೊಳ ಅಂತ ಇಳಿಯಿತು. ನೆಲಕ್ಕೆ ಒಂದು ಹನಿಯೂ ಬೀಳಲಿಲ್ಲ.

"ಈ ಸಪ್ಪಳ ಬಂತಂದ್ರ ಸಿಟ್ಟಾಗಬ್ಯಾಡ್ರಿ ಅಕ್ಕಾರ. ಎಲ್ಲೋ ಏನೋ ಕಟ್ಟೇತಿ ಅಂತ ಅದು ಹೇಳಾಕತ್ತೈತಿ. ಎದ್ದು ನೋಡ್ರಿ."

ಅವರನ್ನು ಬಸ್‌ಸ್ಟಾಪಿಗೆ ಬಿಟ್ಟು ಬಂದು ಈಗ ತಿಂಗಳಾಯಿತು. ಬೆಳಗಿನ ಚಹಾದಿಂದ ಅತ್ತೆಯ ಕಿವಿಯಲ್ಲಿ ಮಷೀನು ಇರುತ್ತದೆ. ಫೋನೂ ಮಾಡುತ್ತಾರೆ. ಮೊನ್ನೆ ಮುಗದಕ್ಕೇ ಮಾಡಿದ್ದರು: "ಹಾಕ್ಕೊಂಡೀರೋ ಟ್ರಂಕಿನ್ಯಾಗ ಐತೋ?" ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು, ಅಷ್ಟು ಜೋರಾಗಿತ್ತು: "ಹಾಕ್ಕೊಂಡೇನಿ ಅವ್ವಾರ, ಅದಕ್ಕ ಫೋನ್ ಎತ್ತೇನಿ!"

ಮತ್ತು ದೂರುಗಳು ಶುರುವಾಗಿವೆ. ನಾನು ಚಪ್ಪಲಿ ಎಳೆದುಕೊಂಡು ನಡೆಯುತ್ತೇನಂತೆ. ಅವರ ಮಗ ಚಹಾ ಸುರ್ ಅಂತ ಹೀರುತ್ತಾರಂತೆ, ಸಣ್ಣವರಿದ್ದಾಗ ಬಿಡಿಸಿದ ಚಾಳಿ ಮತ್ತೆ ಹೇಗೆ ಬಂತಂತೆ. ಮಿಕ್ಸರು, ಸೀರಿಯಲ್ಲು, ಮೇಲಿನ ಮನೆಯವರ ಕುರ್ಚಿ, ಎಲ್ಲದರ ಮೇಲೂ ಕಂಪ್ಲೇಂಟು. ಅತ್ತೆಯ ದೂರು ಕೇಳಿ ಸೊಸೆಗೆ ಇಷ್ಟು ಹಿತವಾದದ್ದು ಊರಿನಲ್ಲಿ ಇದೇ ಮೊದಲಿರಬೇಕು. ಒಂದೊಂದು ದೂರಿಗೂ ಆ ಕ್ಯಾನ್ವಾಸ್ ಚೀಲದ ಮನುಷ್ಯನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಮಾಮೂಲಿ ದನಿಯಲ್ಲಿ "ಅತ್ತೀ, ಚಹಾ" ಅಂದರೆ "ಬಂದೆ" ಅಂತ ಉತ್ತರ ಬರುವುದಿದೆಯಲ್ಲ, ಅದಕ್ಕೆ ಯಾರಿಗೆ, ಎಷ್ಟು ಸಲ ಕೈಮುಗಿದರೂ ಕಡಿಮೆಯೇ.

ಒಂದೇ ಒಂದು ಮಾತು ಮಾತ್ರ ಚುಚ್ಚುತ್ತದೆ. ಅವತ್ತು ಕರೆಂಟ್ ಹೋಗದಿದ್ದರೆ ನನಗಿದು ತಿಳಿಯುತ್ತಿರಲಿಲ್ಲ. ಅತ್ತೆ ಹೇಳುತ್ತಿರಲಿಲ್ಲ. ಕೇಳಿದಾಗಲೂ "ಇಲ್ಲವಾ" ಅಂದವರು ಅವರು.

ನಿಮ್ಮ ಮನೆಯಲ್ಲಿ "ನನಗೇನ ತ್ರಾಸ ಇಲ್ಲ" ಅನ್ನುವವರು ಯಾರು, ಮತ್ತು ನೀವು ಅದನ್ನು ಎಷ್ಟು ಬೇಗ ನಂಬಿಬಿಟ್ಟಿರಿ?